ಕಸದ ನಂಬರು, ಬಂಗಾರದ ನಂಬರು

ಮೆಟಲ್ ಡಿಟೆಕ್ಟರ್ ಅಂದ ತಕ್ಷಣ ನಮ್ಮಲ್ಲಿ ಬಹಳಷ್ಟು ಜನಕ್ಕೆ ನೆನಪಾಗೋದು ಬಾಗಿಲ ಚೌಕಟ್ಟು. ರೈಲ್ವೇ ಸ್ಟೇಷನ್ನು, ಮಾಲು, ದೊಡ್ಡ ದೇವಸ್ಥಾನ... ಎಲ್ಲಾ ಕಡೆ ಒಂದು ಚೌಕಟ್ಟು ನಿಲ್ಲಿಸಿರ್ತಾರೆ. ಜನ ಅದರೊಳಗಿಂದ ಹಾದು ಹೋಗ್ತಾನೇ ಇರ್ತಾರೆ, ಅದು ಕುಂಯ್ ಕುಂಯ್ ಅಂತಾನೇ ಇರುತ್ತೆ, ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತ ಪೊಲೀಸಪ್ಪ ತಲೆ ಎತ್ತಿ ನೋಡೋದೂ ಇಲ್ಲ. ಪಾಪ, ಅವನಾದ್ರೂ ಏನು ಮಾಡ್ತಾನೆ? ಬೀಗದ ಕೈ, ಬೆಲ್ಟಿನ ಬಕಲ್ಲು, ಚಿಲ್ಲರೆ ಕಾಸು, ಮೊಬೈಲು... ಎಲ್ಲರ ಜೇಬಿನಲ್ಲೂ ಇರೋ ವಸ್ತುಗಳಿಗೆಲ್ಲಾ ಕೂಗೋ ಯಂತ್ರದ ಮಾತನ್ನ ಯಾರು ಕೇಳ್ತಾರೆ, ನೀವೇ ಹೇಳಿ.

ಈ ಸಲದ ಅಂಕಣ ಆ ಚೌಕಟ್ಟಿನ ದಾಯಾದಿಯೊಬ್ಬನ ಬಗ್ಗೆ. ಉದ್ದನೆ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಚಕ್ರ, ಹಿಡಿಯ ಹತ್ರ ಪುಟ್ಟ ಸ್ಕ್ರೀನು, ಕಿವಿಗೆ ಹೆಡ್‌ಫೋನು. ಸಿಯಾಟಲ್ ಸುತ್ತಮುತ್ತಲ ಬೀಚುಗಳಲ್ಲಿ ಬೆಳಬೆಳಗ್ಗೆ ನೆಲ ಗುಡಿಸ್ತಿರೋ ಹಾಗೆ ಈ ಕೋಲು ಆಡಿಸ್ಕೊಂಡು ಹೋಗೋ ರಿಟೈರ್ ಆದ ಅಜ್ಜಂದಿರನ್ನ ಇಲ್ಲಿರೋ ನೀವೆಲ್ಲಾ ನೋಡಿರ್ತೀರಿ. ನಾನಿನ್ನೂ ರಿಟೈರ್ ಆಗಿಲ್ಲ, ಅಜ್ಜನೂ ಆಗಿಲ್ಲ, ಆದ್ರೂ ಈ ಹುಚ್ಚು ಹಿಡಿದು ಕೆಲವು ವರ್ಷ ಆಯ್ತು. ನನ್ನ ಹತ್ರ ಇರೋದು ಮೈನ್‌ಲ್ಯಾಬ್ ಇಕ್ವಿನಾಕ್ಸ್ 800. ಆಸ್ಟ್ರೇಲಿಯಾದ ಕಂಪನಿ, 2018ರಲ್ಲಿ ಬಂದ ಮಾಡೆಲ್ಲು, ಅದಕ್ಕಿಂತ ಹೊಸವು ಆಮೇಲೆ ಬಂದಿವೆ. ತೂಕ ಒಂದೂಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ. ಮನೆಗೆ ತಂದ ದಿನ ನನ್ನಾಕೆ ಕೇಳಿದ್ದು ಒಂದೇ ಪ್ರಶ್ನೆ: "ಆನ್ ಮಾಡಿ ಹುಡುಕಿದ್ರೆ ಆಯ್ತಲ್ವಾ, ಇಷ್ಟೊಂದು ಸೆಟ್ಟಿಂಗು ಯಾಕೆ ಕೊಟ್ಟಿದಾರೆ?"

ಒಳ್ಳೇ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಮೊದಲು ಯಂತ್ರದ ಹೊಟ್ಟೆಯೊಳಗೆ ಏನಾಗುತ್ತೆ ನೋಡೋಣ. ಆ ಚಕ್ರದೊಳಗೆ ತಾಮ್ರದ ತಂತಿಯ ಸುರುಳಿಗಳಿರ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸೋ ಕಾಂತಕ್ಷೇತ್ರವನ್ನ ನೆಲದೊಳಕ್ಕೆ ಕಳಿಸುತ್ತೆ. ಅಲ್ಲೇನಾದ್ರೂ ಲೋಹ ಇದ್ರೆ ಅದರ ಮೈಯಲ್ಲಿ ಸುಳಿ ಸುಳಿಯಾಗಿ ವಿದ್ಯುತ್ತು ಹರಿಯುತ್ತೆ, ಆ ಸುಳಿ ತನ್ನದೇ ಒಂದು ಸಣ್ಣ ಕಾಂತಕ್ಷೇತ್ರ ಹುಟ್ಟಿಸುತ್ತೆ. ಇನ್ನೊಂದು ಸುರುಳಿ ಅದನ್ನ ಕೇಳಿಸ್ಕೊಳ್ಳುತ್ತೆ. ಕಳಿಸಿದ್ದಕ್ಕೂ ಕೇಳಿಸಿದ್ದಕ್ಕೂ ನಡುವೆ ಕೂದಲೆಳೆಯಷ್ಟು ತಡ ಆಗುತ್ತಲ್ಲ, ಆ ತಡದಲ್ಲೇ ಇರೋದು ಎಲ್ಲಾ ಗುಟ್ಟು. ದಪ್ಪನೆ ಬೆಳ್ಳಿ ನಾಣ್ಯ ಒಂದು ಥರ ಉತ್ತರ ಕೊಡುತ್ತೆ, ತೆಳ್ಳನೆ ಅಲ್ಯುಮಿನಿಯಂ ಹಾಳೆ ಇನ್ನೊಂದು ಥರ, ಕಬ್ಬಿಣ ತನ್ನದೇ ಮೂರನೇ ಥರ. ಯಂತ್ರ ಈ ಉತ್ತರವನ್ನ ಒಂದು ನಂಬರಿಗೆ ಇಳಿಸಿ ಸ್ಕ್ರೀನಿನ ಮೇಲೆ ತೋರಿಸುತ್ತೆ. ನನ್ನ ಯಂತ್ರದಲ್ಲಿ ಮೈನಸ್ 9ರಿಂದ 40ರ ತನಕ. ಮೈನಸ್ ಅಂದ್ರೆ ಕಬ್ಬಿಣ. ಅಮೆರಿಕದ ಐದು ಸೆಂಟಿನ ನಿಕ್ಕಲ್ಲು 12-13ಕ್ಕೆ ಬರುತ್ತೆ. ದೊಡ್ಡ ಬೆಳ್ಳಿ ನಾಣ್ಯಗಳು ಮೂವತ್ತರ ಮೇಲೆ.

ಹಾಗಿದ್ರೆ ಬಂಗಾರ? ಇಲ್ಲೇ ಇರೋದು ಫಜೀತಿ. ಬಂಗಾರಕ್ಕೆ ತನ್ನದೇ ಅಂತ ಒಂದು ನಂಬರೇ ಇಲ್ಲ! ಅಪ್ಪಟ ಬಂಗಾರ ವಿದ್ಯುತ್ತನ್ನ ಚೆನ್ನಾಗಿಯೇ ಹರಿಸುತ್ತೆ, ನಿಜ. ಆದ್ರೆ ಒಡವೆ ಅಂದ್ರೆ ಬೆರಕೆ ಬಂಗಾರ. ನಮ್ಮ 22 ಕ್ಯಾರೆಟ್ಟು ಅಂದ್ರೆ ನೂರಕ್ಕೆ 91.6 ಪಾಲು, ಇಲ್ಲಿನ ಅಂಗಡಿಗಳ 14 ಕ್ಯಾರೆಟ್ಟು ಅಂದ್ರೆ 58 ಚಿಲ್ಲರೆ. ಜೊತೆಗೆ ಒಡವೆಗಳು ತೆಳ್ಳಗೆ, ಸಣ್ಣಗೆ ಇರ್ತವೆ. ಹೀಗಾಗಿ ಪುಟ್ಟ ಓಲೆ, ಮೂಗುಬೊಟ್ಟು, ಹೆಂಗಸರ ಉಂಗುರ ಎಲ್ಲಾ ಬಂದು ಕೂರೋದು ಚೂಯಿಂಗ್ ಗಮ್ಮಿನ ಬೆಳ್ಳಿ ಕಾಗದ, ಚಾಕಲೇಟಿನ ಹಾಳೆ, ಕೋಕಿನ ಡಬ್ಬದ ಕಿವಿ ಇವೆಲ್ಲಾ ಕೂತಿರೋ ಬೆಂಚಿನ ಮೇಲೇ. ಯಂತ್ರಕ್ಕೆ ಬಂಗಾರನೂ ಗೊತ್ತಿಲ್ಲ, ಕಸನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ತಡ ಎಷ್ಟು ಅನ್ನೋದು ಮಾತ್ರ.

*

ಈ ಯಂತ್ರದ ಹುಟ್ಟಿನ ಕಾಲದ ಒಂದು ಕಥೆ ಇದೆ, ಹೇಳಿಬಿಡ್ತೀನಿ. 1881ರ ಜುಲೈ 2ನೇ ತಾರೀಖು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಗುಂಡು ಹಾರಿಸಿದ್ರು. ಬೆನ್ನಿಗೆ ಹೊಕ್ಕ ಗುಂಡು ಎಲ್ಲಿದೆ ಅಂತ ಡಾಕ್ಟರುಗಳಿಗೆ ಗೊತ್ತಾಗ್ಲಿಲ್ಲ. ಎಕ್ಸ್-ರೇ ಬರೋಕೆ ಇನ್ನೂ ಹದಿನಾಲ್ಕು ವರ್ಷ ಇತ್ತು. ಆಗ ಟೆಲಿಫೋನಿನ ಗ್ರಹಾಂ ಬೆಲ್ ಒಂದು ಉಪಕರಣ ಮಾಡ್ಕೊಂಡು ಬಂದ. ಲೋಹದ ಹತ್ರ ಹೋದ್ರೆ ಕಿವಿಯಲ್ಲಿ ಸದ್ದಾಗೋ ಉಪಕರಣ. ಅಧ್ಯಕ್ಷರ ಮೈಮೇಲೆ ಎರಡು ಸಲ ಆಡಿಸಿ ನೋಡಿದ. ಒಂದು ತೊಂದರೆ, ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗು ಇದ್ವು. ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಗುಂಡು ಬಲಗಡೆನೇ ಇದೆ ಅಂತ ಮುಖ್ಯ ವೈದ್ಯ ಡಾಕ್ಟರ್ ಬ್ಲಿಸ್ ಮೊದಲೇ ತೀರ್ಮಾನ ಮಾಡ್ಬಿಟ್ಟಿದ್ದರು, ಹಾಗಾಗಿ ಹುಡುಕಾಟ ನಡೆದದ್ದೂ ಬಲಗಡೆಯೇ. ಸೆಪ್ಟೆಂಬರ್ 19ಕ್ಕೆ ಗಾರ್ಫೀಲ್ಡ್ ತೀರಿಕೊಂಡರು. ಆಮೇಲೆ ಕೊಯ್ದು ನೋಡಿದ್ರೆ ಗುಂಡು ಇದ್ದದ್ದು ಎಡಗಡೆ.

ಯಂತ್ರ ಕೆಟ್ಟಿತ್ತು ಅನ್ನೋ ಹಾಗಿಲ್ಲ. ಕೇಳಬಾರದ್ದನ್ನ ಕೇಳ್ತಾ ಇತ್ತು, ಕೇಳಬೇಕಾದ ಕಡೆ ಅದನ್ನ ಬಿಟ್ಟಿರಲಿಲ್ಲ, ಅಷ್ಟೇ. ನೂರ ನಲವತ್ತು ವರ್ಷಗಳಲ್ಲಿ ಯಂತ್ರ ಏನೇನೋ ಆಗಿದೆ, ಆದ್ರೆ ಅದನ್ನ ಹಿಡಿದವನ ಕಷ್ಟ ಈಗ್ಲೂ ಇದೇ ಎರಡು. ಸೆಟ್ಟಿಂಗು ಅಂತ ಇರೋವೆಲ್ಲಾ ಈ ಎರಡರ ಸಲುವಾಗಿಯೇ.

ನಮ್ಮ ಮನೆ ಇರೋದು ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ. ರೆಡ್ಮಂಡ್ ಹೈಸ್ಕೂಲು, ಮಿಡಲ್ ಸ್ಕೂಲು, ಎಲಿಮೆಂಟರಿ ಸ್ಕೂಲುಗಳು ಎಲ್ಲಾ ಒಂದೇ ಗುಡ್ಡದ ಮೇಲಿವೆ, ಅದಕ್ಕೇ ಈ ಹೆಸರು. ‘ವಿದ್ಯಾಗಿರಿ’ ಅಂತ ಕರೆದ್ರೆ ಧಾರವಾಡದವ್ರು ಜಗಳಕ್ಕೆ ಬರ್ತಾರೇನೋ! ಈ ಗುಡ್ಡದ ಮಣ್ಣು ನಮ್ಮ ಮಣ್ಣಿನ ಹಾಗಲ್ಲ. ಹದಿನಾರು ಸಾವಿರ ವರ್ಷಗಳ ಹಿಂದೆ ಈ ಕಡೆಯೆಲ್ಲಾ ಸಾವಿರಾರು ಅಡಿ ದಪ್ಪದ ಹಿಮದ ಹಾಳೆ ಕೂತಿತ್ತಂತೆ. ಕೆನಡಾ ಕಡೆಯಿಂದ ಕಲ್ಲು, ಜಲ್ಲಿ, ಮರಳು ಎಲ್ಲಾ ಉಜ್ಜಿ ತಂದು ಇಲ್ಲಿ ಸುರಿದು ಹೋಗಿದೆ. ಒಂದಡಿ ಅಗೆದ್ರೆ ಹತ್ತು ಜಾತಿಯ ಕಲ್ಲು ಸಿಗುತ್ತೆ. ಅದರಲ್ಲಿ ಕೆಲವು ಕಬ್ಬಿಣದ ಅಂಶ ಇರೋ ಕಲ್ಲುಗಳು, ಯಂತ್ರದ ಕೈಲಿ ಸುಮ್ಸುಮ್ನೆ ಸದ್ದು ಮಾಡಿಸ್ತವೆ. ಆದ್ರೂ ನಮ್ಮ ಮಲೆನಾಡಿನ ಜಂಬಿಟ್ಟಿಗೆ ನೆಲಕ್ಕೆ ಹೋಲಿಸಿದ್ರೆ ಇದು ಸಾಧು ಪ್ರಾಣಿ. ಆ ಕೆಂಪು ಬಣ್ಣವೇ ಕಬ್ಬಿಣದ್ದು, ಅಂಥ ನೆಲದ ಮೇಲೆ ಯಂತ್ರ ಆಡಿಸಿದ್ರೆ ನೆಲವೇ ಮಾತಾಡೋಕೆ ಶುರು ಮಾಡುತ್ತೆ.

*

ಈಗ ಸೆಟ್ಟಿಂಗುಗಳಿಗೆ ಬರೋಣ.

ನನ್ನ ವಯಸ್ಸಿನವ್ರಿಗೆ ಹಳೇ ವಾಲ್ವ್ ರೇಡಿಯೋ ನೆನಪಿರ್ಬೇಕು. ಸಂಜೆ ಹೊತ್ತು ಭದ್ರಾವತಿ ಸ್ಟೇಷನ್ನು ಹಿಡಿಯೋಕೆ ಅಪ್ಪ ಆ ದೊಡ್ಡ ತಿರುಗಣೆಯನ್ನ ಎಷ್ಟು ನಾಜೂಕಾಗಿ ತಿರುಗಿಸ್ತಿದ್ರು! ವಾಲ್ಯೂಮ್ ಜಾಸ್ತಿ ಮಾಡಿದ್ರೆ ಹಾಡಿನ ಜೊತೆ ಗರಗರ ಸದ್ದೂ ಜಾಸ್ತಿ ಆಗ್ತಿತ್ತು. ಗರಗರ ಬೇಡ ಅಂತ ಕಡಿಮೆ ಮಾಡಿದ್ರೆ ಹಾಡೂ ಇಲ್ಲ. ಡಿಟೆಕ್ಟರಿನ ‘ಸೆನ್ಸಿಟಿವಿಟಿ’ ಹಾಗೇನೇ. 1ರಿಂದ 25ರ ತನಕ ಇದೆ. ಹೊಸಬರೆಲ್ಲಾ ಸೀದಾ 25ಕ್ಕೆ ಏರಿಸ್ತಾರೆ, ದುಡ್ಡು ಕೊಟ್ಟಿದೀವಲ್ಲ ಅಂತ. ಆದ್ರೆ ನಮ್ಮ ಬೀದಿಗಳಲ್ಲಿ ನೆಲದಡಿಯಲ್ಲಿ ಕರೆಂಟಿನ ಕೇಬಲ್ಲು ಹೋಗಿರುತ್ತೆ, ಹುಲ್ಲಿನ ಮೇಲೆ ಹಸಿರು ಬಣ್ಣದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಕೂತಿರುತ್ತೆ. 25ಕ್ಕೆ ಇಟ್ರೆ ಗದ್ದೆಯಲ್ಲಿ ಮಳೆಗಾಲದ ಕಪ್ಪೆಗಳ ಹಾಗೆ ಕೂಗುತ್ತೆ. ಯಂತ್ರ ಸುಮ್ಮನಾಗೋ ತನಕ ಇಳಿಸಿ, ಅಲ್ಲಿಂದ ಒಂದೇ ಒಂದು ಮೆಟ್ಟಿಲು ಏರಿಸೋದು ನಾನು ಕಲಿತ ಲೆಕ್ಕ.

‘ನಾಯ್ಸ್ ಕ್ಯಾನ್ಸಲ್’ ಅನ್ನೋದು ಇದರ ತಮ್ಮ. ಚಕ್ರವನ್ನ ಅಲುಗಾಡಿಸದೇ ಹಿಡಿದು ಬಟನ್ ಒತ್ತಿದ್ರೆ, ಸುತ್ತಮುತ್ತಲ ಕರೆಂಟಿನ ಗಲಾಟೆ ಯಾವ ಕಡೆ ಕಡಿಮೆ ಇದೆ ಅಂತ ತಾನೇ ಹುಡುಕಿ ಅಲ್ಲಿಗೆ ಸರ್ಕೊಳ್ಳುತ್ತೆ. ಇದಕ್ಕೂ ಮುಂಚೆ ಜೇಬಿನ ಮೊಬೈಲು ತೆಗೆದು ದೂರ ಇಡ್ಬೇಕು.

‘ಗ್ರೌಂಡ್ ಬ್ಯಾಲೆನ್ಸ್’ ಅಂದ್ರೆ ನೆಲದ ಮಾತನ್ನ ಮರೆಯೋದು. ಲೋಹ ಇಲ್ಲದ ಜಾಗ ಹುಡುಕಿ, ಚಕ್ರವನ್ನ ಒನಕೆ ಥರ ಮೇಲೆ ಕೆಳಗೆ ಆಡಿಸ್ತಾ ಬಟನ್ ಹಿಡಿದಿದ್ರೆ, ‘ಓಹೋ, ಈ ನೆಲ ಹೀಗೆ ಮಾತಾಡುತ್ತೆ’ ಅಂತ ತಿಳ್ಕೊಂಡು ಅದನ್ನ ಲೆಕ್ಕದಿಂದ ಕಳೆಯುತ್ತೆ.

‘ರಿಕವರಿ ಸ್ಪೀಡ್’ 1ರಿಂದ 8. ಒಂದು ಸದ್ದಾದ ಮೇಲೆ ಇನ್ನೊಂದು ಸದ್ದು ಕೇಳೋಕೆ ಯಂತ್ರ ಎಷ್ಟು ಬೇಗ ತಯಾರಾಗ್ಬೇಕು ಅನ್ನೋ ಲೆಕ್ಕ. ಜಾಸ್ತಿ ಇಟ್ರೆ ಮೊಳೆಯ ಪಕ್ಕ ಬಿದ್ದಿರೋ ಉಂಗುರವನ್ನ ಬೇರೆಯಾಗಿ ಕೇಳುತ್ತೆ, ಆದ್ರೆ ಆಳ ಕಡಿಮೆ. ಕಡಿಮೆ ಇಟ್ರೆ ಆಳ ಜಾಸ್ತಿ, ಆದ್ರೆ ಮೊಳೆ-ಉಂಗುರ ಎರಡೂ ಸೇರಿ ಒಂದೇ ಸದ್ದು. ‘ಐರನ್ ಬಯಾಸ್’ ಅನ್ನೋದು, ಕಬ್ಬಿಣವೋ ಅಲ್ಲವೋ ಅಂತ ಅನುಮಾನ ಬಂದಾಗ ಯಂತ್ರ ಯಾವ ಕಡೆ ವಾಲಬೇಕು ಅನ್ನೋದು. ಜಾಸ್ತಿ ಮಾಡಿದ್ರೆ ಅನುಮಾನ ಬಂದದ್ದನ್ನೆಲ್ಲಾ ಕಬ್ಬಿಣ ಅಂತ ತಳ್ಳಿ ಹಾಕುತ್ತೆ. ನೆಮ್ಮದಿ, ಆದ್ರೆ ಮೊಳೆಯ ಪಕ್ಕದ ಉಂಗುರವೂ ಕಬ್ಬಿಣದ ಜೊತೆಗೇ ಹೋಗುತ್ತೆ.

ಕೊನೆಗೆ ‘ಡಿಸ್ಕ್ರಿಮಿನೇಷನ್’. ಬೇಡದ ನಂಬರುಗಳಿಗೆ ಬೀಗ ಹಾಕೋದು. ಕಂಪನಿಯಿಂದ ಬರುವಾಗಲೇ ಪಾರ್ಕಿನ ಮೋಡ್‌ನಲ್ಲಿ ಕಬ್ಬಿಣದ ನಂಬರುಗಳಿಗೆ ಬೀಗ ಬಿದ್ದಿರುತ್ತೆ. ಕುದುರೆ ಲಾಳದ ಚಿತ್ರ ಇರೋ ಒಂದು ಬಟನ್ ಇದೆ, ಒತ್ತಿದ್ರೆ ಎಲ್ಲಾ ಬೀಗ ತೆಗೆದು ಎಲ್ಲವೂ ಕೇಳಿಸುತ್ತೆ. ಕಸದ ಕಾಟ ತಡೀಲಾರದೆ 1ರಿಂದ 17ರ ತನಕ ಬೀಗ ಹಾಕಿ, ಆರಾಮಾಗಿ ಬೆಳ್ಳಿ ನಾಣ್ಯ ಹುಡುಕ್ಕೊಂಡು ಓಡಾಡೋರಿದಾರೆ. ತಪ್ಪೇನಿಲ್ಲ. ಆದ್ರೆ ಅವರು ಹೆಚ್ಚುಕಮ್ಮಿ ಎಲ್ಲಾ ಸಣ್ಣ ಒಡವೆಗಳ ಮೇಲೂ ನಡ್ಕೊಂಡು ಹೋಗ್ತಿರ್ತಾರೆ, ಒಂದು ಸದ್ದೂ ಇಲ್ಲದೆ.

ಗಮನಿಸಿದ್ರಾ? ಈ ಪಟ್ಟಿಯಲ್ಲಿ ‘ಒಳ್ಳೇ ಸೆಟ್ಟಿಂಗು’ ಅಂತ ಒಂದೂ ಇಲ್ಲ. ಪ್ರತಿಯೊಂದೂ ಒಂದನ್ನ ಕೇಳಿಸೋಕೆ ಇನ್ನೊಂದರ ಬಾಯಿ ಮುಚ್ಚಿಸುತ್ತೆ. ಹಾಗಾಗಿ ‘ಯಾವ ಸೆಟ್ಟಿಂಗು ಇಡ್ಲಿ?’ ಅನ್ನೋ ಪ್ರಶ್ನೆಗೆ ಅರ್ಥವೇ ಇಲ್ಲ. ಏನು ಹುಡುಕ್ತಿದೀಯಾ, ಅದು ಎಲ್ಲಿ ಎಷ್ಟು ಆಳದಲ್ಲಿ ಇರ್ಬಹುದು, ಅದಕ್ಕಾಗಿ ಎಷ್ಟು ಕಸ ಸಹಿಸ್ಕೊಳ್ತೀಯಾ... ಇವು ಮೊದಲು. ಸೆಟ್ಟಿಂಗು ಆಮೇಲೆ.

*

ಇದು ಬರೀ ಹವ್ಯಾಸದ ಮಾತಲ್ಲ ಅಂತ ಕಳೆದ ಅಕ್ಟೋಬರಿನಲ್ಲಿ ಗೊತ್ತಾಯ್ತು.

ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆಚೆ ಒಬ್ಬ ಗೆಳೆಯ ಇದ್ದಾನೆ. ಅವನ ಅಮ್ಮ ಸಾಗರದ ಕಡೆಯಿಂದ ಆರು ತಿಂಗಳಿಗೆ ಅಂತ ಬಂದಿದ್ರು. ವಾಪಸ್ ಹೊರಡೋಕೆ ಒಂಬತ್ತು ದಿನ ಇತ್ತು. ಊರಲ್ಲಿ ಅವನ ಅಪ್ಪ ಒಬ್ಬರೇ, ಹುಷಾರಿಲ್ಲ ಬೇರೆ. ಸುಮ್ನೆ ಕೂರೋ ಜೀವವಲ್ಲ ಅಮ್ಮ. ಶುಕ್ರವಾರ ಹಿತ್ತಲಿಗೆ ಹೋಗಿ ಮೇಪಲ್ ಮರದ ಎಲೆಯೆಲ್ಲಾ ಬಾಚಿ, ಬಾಡಿದ ಡೇಲಿಯಾ ಗಿಡ ಕಿತ್ತು, ಎಲ್ಲಾ ಹಿತ್ತಲ ಕಸದ ಡಬ್ಬಕ್ಕೆ ತುಂಬಿದ್ದಾರೆ. ಸಂಜೆ ಸ್ನಾನಕ್ಕೆ ಹೋದಾಗ ನೋಡಿಕೊಂಡ್ರೆ ಕತ್ತಿನಲ್ಲಿ ಕರಿಮಣಿ ಸರ ಇಲ್ಲ. ತಾಳಿಯ ಎರಡು ಬೊಟ್ಟುಗಳೂ ಇಲ್ಲ.

ಶನಿವಾರ ನಾನು ಹೋಗುವಷ್ಟರಲ್ಲಿ ಅಮ್ಮ ಅರಿಶಿಣದ ಕೊಂಬನ್ನ ದಾರಕ್ಕೆ ಕಟ್ಟಿ ಕತ್ತಿಗೆ ಹಾಕ್ಕೊಂಡಿದ್ರು. ‘ಕಳೆದುಹೋಯ್ತು’ ಅನ್ನೋ ಮಾತನ್ನ ಬಾಯಲ್ಲಿ ಆಡ್ಲಿಲ್ಲ. "ಎಲ್ಲೋ ಜಾರಿದೆ" ಅಂದರು. ಊರಿಗೆ ಫೋನ್ ಮಾಡಿ ಹೇಳಿರಲೂ ಇಲ್ಲ. ಬೆಳಗಿಂದ ಕಾಫಿ ಬಿಟ್ರೆ ಏನೂ ಮುಟ್ಟಿಲ್ಲ ಅಂತ ಸೊಸೆ ಪಿಸುಗುಟ್ಟಿದ್ರು. ನನ್ನ ಕೈಲಿದ್ದ ಯಂತ್ರ ನೋಡಿ ಅಮ್ಮ ಕೇಳಿದ್ದು: "ಹಿಂದೆ ಹೀಗಾದ್ರೆ ಅಂಜನ ಹಾಕಿಸ್ತಿದ್ರು. ಇದಕ್ಕೆ ನಮ್ಮೂರ ಬಂಗಾರ ಗೊತ್ತಾಗುತ್ತೇನಪ್ಪಾ?"

ಇಲ್ಲಮ್ಮ, ಅದಕ್ಕೆ ಯಾವ ಊರಿನ ಬಂಗಾರವೂ ಗೊತ್ತಾಗಲ್ಲ. ನಾವೇ ತೋರಿಸಿಕೊಡ್ಬೇಕು.

ಗೆಳೆಯನಿಗೆ ಆತುರ, "ಆನ್ ಮಾಡೋ ಮಾರಾಯ, ಶುರು ಮಾಡೋಣ" ಅಂತ. ನಾನು ಕೇಳಿದ್ದು ಅದೇ ಥರದ ಇನ್ನೊಂದು ತಾಳಿ. ಸೊಸೆಯ ತಾಳಿ ಮಾಡಿದ್ದೂ ಅದೇ ಸಾಗರದ ಅಕ್ಕಸಾಲಿಗರು, ಅದೇ ಅಚ್ಚು. ಆದ್ರೆ ಇಂಥ ಹೊತ್ತಲ್ಲಿ ಕತ್ತಿನಿಂದ ತೆಗೆಯೋ ಮಾತೇ ಇಲ್ಲ! ಕೊನೆಗೆ ಒಂದು ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿ, ಯಂತ್ರದ ಚಕ್ರವನ್ನ ಅದರ ಮೇಲೆ ಅಂಗಾತ ಇಟ್ಟು, ಸೊಸೆ ಕೈಬಳೆ, ಓಲೆ ತೆಗೆದಿಟ್ಟು, ಬಗ್ಗಿ ತಾಳಿಯನ್ನ ಚಕ್ರದ ಮೇಲೆ ಅತ್ತಿತ್ತ ತೂಗಿದ್ರು. ಈ ಜಾತಿಯ ಯಂತ್ರ ಚಲಿಸೋ ವಸ್ತುವನ್ನ ಮಾತ್ರ ಕೇಳೋದು, ಅದಕ್ಕೇ ತೂಗಬೇಕು. ಬೇಲಿಯಾಚೆ ಪಕ್ಕದ ಮನೆಯವರು ಏನಂದ್ಕೊಂಡ್ರೋ ದೇವರೇ ಬಲ್ಲ.

ಆ ಐದು ನಿಮಿಷದಲ್ಲಿ ಎರಡು ವಿಷಯ ಗೊತ್ತಾದ್ವು. ಒಂದು, ಬೊಟ್ಟಿನ ನಂಬರು 6, ಒಮ್ಮೊಮ್ಮೆ 7. ಅಂದ್ರೆ ಪಕ್ಕಾ ಬೆಳ್ಳಿ ಕಾಗದದ ಬೆಂಚು. ಎರಡು, ಸರ ಮಾತ್ರ ತೂಗಿದ್ರೆ ಹೆಚ್ಚುಕಮ್ಮಿ ಸದ್ದೇ ಇಲ್ಲ, ಎಲ್ಲೋ ಒಂದೊಂದು ಸಲ 1 ಅಂತ ತೋರಿಸಿ ಮಾಯ. ಇದಕ್ಕೆ ಕಾರಣ ಇದೆ. ಸರ ಅಂದ್ರೆ ನಮ್ಮ ಕಣ್ಣಿಗೆ ಹತ್ತು ಹದಿನೈದು ಗ್ರಾಮಿನ ಒಂದು ವಸ್ತು, ಯಂತ್ರಕ್ಕೆ ಹಾಗಲ್ಲ. ಸುಳಿ ವಿದ್ಯುತ್ತು ಒಂದು ಕೊಂಡಿಯಿಂದ ಇನ್ನೊಂದಕ್ಕೆ ಸರಿಯಾಗಿ ದಾಟಲ್ಲ, ಹಾಗಾಗಿ ಅದಕ್ಕೆ ಕಾಣೋದು ನೂರಾರು ಸಾಸಿವೆ ಕಾಳು. ಕರಿಮಣಿ ಸರದಲ್ಲಿ ನಡುನಡುವೆ ಗಾಜಿನ ಮಣಿ ಬೇರೆ, ಇನ್ನೂ ಕಷ್ಟ. ಹಾಗಾಗಿ ಸರದ ಆಸೆ ಬಿಟ್ಟು ಬೊಟ್ಟು ಹುಡುಕೋದು ಅಂತ ತೀರ್ಮಾನ ಆಯ್ತು.

ಈಗ ಸೆಟ್ಟಿಂಗು ತಾವಾಗೇ ಬಂದ್ವು. ನಿನ್ನೆ ಬಿದ್ದ ವಸ್ತು ಮಣ್ಣಿನ ಮೇಲೋ ಎಲೆಯ ಕೆಳಗೋ ಇರುತ್ತೆ, ಆಳ ಬೇಕಿಲ್ಲ. ಸೆನ್ಸಿಟಿವಿಟಿ 16ಕ್ಕೆ ಇಳೀತು, ಕೇಬಲ್ಲಿನ ಗಲಾಟೆ ನಿಂತ್ತು. ರಿಕವರಿ ಸ್ಪೀಡ್ 7. ಸಣ್ಣ ಒಡವೆಗಳಿಗೆ ಚೆನ್ನಾಗಿರೋ ಪಾರ್ಕ್ 2 ಮೋಡ್. ಐರನ್ ಬಯಾಸ್ ಸೊನ್ನೆ. ಡಿಸ್ಕ್ರಿಮಿನೇಷನ್ ಪೂರ್ತಿ ತೆಗೆದು ಎಲ್ಲಾ ಬಾಗಿಲು ಬಯಲು. ಕಿವಿ ತುಂಬಾ ಮೊಳೆಗಳ ಗೊಣಗಾಟ, ಅದರ ನಡುವೆ 4ರಿಂದ 9ರ ಒಳಗೆ ಏನೇ ಪಿಳ್ ಅಂದ್ರೂ ಬಗ್ಗಿ ನೋಡೋದು. ಅಮ್ಮನನ್ನ ಕೇಳಿ, ಅವರು ನಿನ್ನೆ ಎಲ್ಲಿಂದ ಎಲ್ಲಿಗೆ ಬಾಚಿದ್ರು ಅಂತ ಹಿತ್ತಲನ್ನ ದಾರ ಕಟ್ಟಿ ಪಟ್ಟೆ ಪಟ್ಟೆಯಾಗಿ ಭಾಗ ಮಾಡಿದ್ವಿ. ಅಡುಗೆಮನೆ ಕಿಟಕಿಯ ಕೆಳಗೆ "ಅಲ್ಲಿ ಹೋಗೇ ಇಲ್ಲ" ಅಂದ್ರು. ಅದನ್ನೂ ದಾರದೊಳಗೆ ಸೇರಿಸಿದ್ವಿ, ಗಾರ್ಫೀಲ್ಡ್ ಕಥೆ ನೆನಪಿತ್ತು.

ಮೂರು ಗಂಟೆಯಲ್ಲಿ ಸಿಕ್ಕಿದ್ದು: ಬೆಳ್ಳಿ ಕಾಗದದ ಚೂರು ಹನ್ನೊಂದು, ಕೋಕಿನ ಡಬ್ಬದ ಕಿವಿ ಎರಡು, ಆಟಿಕೆ ಕಾರಿನ ಚಕ್ರ, ಪೆನ್ಸಿಲ್ಲಿನ ತುದಿಯ ತಗಡು. ಪ್ರತೀ ಸಲ ಬಗ್ಗಿದಾಗ್ಲೂ ಡೆಕ್ ಮೇಲೆ ಕೂತಿದ್ದ ಅಮ್ಮ ಎದ್ದು ನಿಲ್ತಿದ್ರು, ಮತ್ತೆ ಕೂರ್ತಿದ್ರು. ಹದಿನೈದನೇ ಸಲವೋ ಏನೋ, ಡೇಲಿಯಾ ಮಡಿಯ ಅಂಚಿನಲ್ಲಿ 6 ಅಂತು. ಎಲೆ ಸರಿಸಿದ್ರೆ ಒಂದು ಬೊಟ್ಟು, ಜೊತೆಗೆ ಬೆರಳುದ್ದದ ಸರದ ತುಂಡು. ಗೆಳೆಯ ಕೂಗಿದ್ದು ಹೈಸ್ಕೂಲಿನ ತನಕ ಕೇಳಿರ್ಬೇಕು.

ಅಮ್ಮ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ನೋಡಿ ಹೇಳಿದ್ರು, "ಇದು ಅತ್ತೆಮನೇದು. ತವರಿನದು ಇನ್ನೂ ಇದೆ."

ಎರಡನೆಯದು ಹಿತ್ತಲಲ್ಲಿ ಇರಲಿಲ್ಲ. ಉಳಿದದ್ದು ಆ ಕಸದ ಡಬ್ಬ, ಸೋಮವಾರ ಬೆಳಿಗ್ಗೆ ಲಾರಿ ಬರೋದಿತ್ತು. ಭಾನುವಾರ ಅದನ್ನ ಸುರಿಯೋಣ ಅಂದ್ರೆ ಎಲ್ಲಿ? ಕಾರು ನಿಲ್ಲಿಸೋ ಕಾಂಕ್ರೀಟಿನೊಳಗೆ ಕಬ್ಬಿಣದ ಜಾಲರಿ ಇತ್ತು, ಗಾರ್ಫೀಲ್ಡ್ ಹಾಸಿಗೆಯ ಕಥೆಯೇ. ಹಾಗಾಗಿ ಹಿಂದಿನ ದಿನ ಹುಡುಕಿ ಶುದ್ಧ ಮಾಡಿದ್ದ ಹುಲ್ಲಿನ ಮೇಲೆ ನೀಲಿ ಟಾರ್ಪಾಲು ಹಾಸಿ, ಚಕ್ರವನ್ನ ಮತ್ತೆ ಬಕೆಟ್ಟಿನ ಮೇಲೆ ಅಂಗಾತ ಇಟ್ಟು, ಒದ್ದೆ ಎಲೆಯನ್ನ ಒಂದೊಂದೇ ಬೊಗಸೆ ಅದರ ಮೇಲೆ ಆಡಿಸ್ತಾ ಹೋದ್ವಿ. ಉಂಗುರ, ವಾಚು ಎಲ್ಲಾ ತೆಗೆದಿಟ್ಟ ಕೈಗಳು. ನಾನು, ಗೆಳೆಯ, ಸೊಸೆ, ಕೊನೆಕೊನೆಗೆ ಅಮ್ಮನೂ. ಡಬ್ಬದ ತಳಕ್ಕೆ ಬರೋ ಹೊತ್ತಿಗೆ ಮಳೆ ಹನಿ ಶುರುವಾಗಿತ್ತು. ಪಿಳ್ ಅಂದದ್ದು ಅಮ್ಮನ ಕೈಯ ಬೊಗಸೆಗೇ! ಡೇಲಿಯಾ ಬೇರಿನ ಮಣ್ಣಿನ ಹೆಂಟೆಯೊಳಗೆ ಬೊಟ್ಟು ಕೂತಿತ್ತು.

ಅಮ್ಮ ಅಳಲಿಲ್ಲ, ನಗಲೂ ಇಲ್ಲ. ನಲ್ಲಿಯಲ್ಲಿ ತೊಳೆದು, ಅರಿಶಿಣದ ದಾರಕ್ಕೆ ಎರಡೂ ಬೊಟ್ಟು ಪೋಣಿಸ್ಕೊಂಡು, ದೇವರ ಮುಂದೆ ಹೋಗಿ ಬಂದು, "ಎಲ್ಲರೂ ಊಟಕ್ಕೆ ಏಳಿ" ಅಂದ್ರು. ಆಮೇಲೆ ಊರಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ರು. ವಿಷಯ ಹೇಳಿದ್ರೋ ಇಲ್ವೋ ನಾನು ಕೇಳೋಕೆ ಹೋಗ್ಲಿಲ್ಲ.

ಸರದ ಮುಕ್ಕಾಲು ಭಾಗ ಮಾತ್ರ ಸಿಗ್ಲೇ ಇಲ್ಲ. ಅದು ಆ ಹಿತ್ತಲಲ್ಲೇ ಇದೆ, ಅದರ ಮೇಲೆ ನಾನು ಹತ್ತು ಸಲ ಚಕ್ರ ಆಡಿಸಿರಲೂಬಹುದು.

*

ಯಂತ್ರ ಕೇಳಲಾರದ್ದು ಅಂದ್ರೆ ಇನ್ನೊಂದು ವಿಷಯ. ನಮ್ಮ ಗುಡ್ಡ ಇಳಿದ್ರೆ ರೆಡ್ಮಂಡ್ ಟೌನ್ ಸೆಂಟರ್ ಹತ್ರ ಬೇರ್ ಕ್ರೀಕ್ ಅನ್ನೋ ಹೊಳೆ ಇದೆ. ಹೊಳೆಯನ್ನ ಸರಿಪಡಿಸೋ ಕೆಲಸದ ಹೊತ್ತಿನಲ್ಲಿ ಅಲ್ಲಿ ಹತ್ತು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಆಯುಧಗಳು ಸಿಕ್ಕಿದ್ವು. ಈ ಊರಿನ ಅತಿ ಬೆಲೆಬಾಳೋ ನಿಧಿ ಅದು, ಯಾವ ಡಿಟೆಕ್ಟರೂ ಅದಕ್ಕೆ ಕುಂಯ್ ಅನ್ನಲ್ಲ. ಯಾರಾದ್ರೂ ಒಂದು ಬೆಳ್ಳಿ ಕಾಗದಕ್ಕಾಗಿ ಅಲ್ಲಿ ಗುಂಡಿ ತೋಡಿದ್ರೆ ಏನಾಗ್ತಿತ್ತು ಯೋಚಿಸಿ. ಅದಕ್ಕೇ ಇಲ್ಲಿ ಕಾನೂನುಗಳಿವೆ. ವಾಷಿಂಗ್ಟನ್ ರಾಜ್ಯದ ಸ್ಟೇಟ್ ಪಾರ್ಕುಗಳಲ್ಲಿ ಆಯ್ದ ಕೆಲವು ಕಡೆ ಮಾತ್ರ ಯಂತ್ರ ಆಡಿಸ್ಬಹುದು, ಅದೂ ಇತ್ತೀಚಿನ ಕಾಲದ ಸಣ್ಣಪುಟ್ಟ ವಸ್ತುಗಳಿಗೆ. ಬೇರೆ ಪಾರ್ಕುಗಳಿಗೆ ಅವರವರದೇ ನಿಯಮ, ವಿಚಾರಿಸದೇ ಹೋಗಬಾರದು. ಪರರ ಹಿತ್ತಲಿಗಂತೂ ಕೇಳದೇ ಕಾಲಿಡೋ ಹಾಗಿಲ್ಲ.

ನಮ್ಮೂರಲ್ಲಿ ಈ ಮಾತು ಇನ್ನೂ ಹಳೇದು. ವಿಜಯನಗರ ಕಾಲದ ದಾನಶಾಸನಗಳಲ್ಲಿ ಜಮೀನು ಕೊಡುವಾಗ ‘ಅಷ್ಟಭೋಗ’ ಅಂತ ಎಂಟು ಹಕ್ಕು ಬರೀತಿದ್ರು, ಅದರಲ್ಲಿ ನಿಧಿ, ನಿಕ್ಷೇಪ ಎರಡೂ ಇದ್ವು. ನೆಲದಡಿ ಇರೋದು ಯಾರದ್ದು ಅಂತ ಬರೆದು ಇಡ್ಬೇಕು ಅನ್ನೋದು ಅವರಿಗೂ ಗೊತ್ತಿತ್ತು. 1878ರ ನಿಧಿ ಕಾಯ್ದೆಯಲ್ಲಿ, ಮಣ್ಣಿನಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕಿದ್ರೆ ಕಲೆಕ್ಟರಿಗೆ ತಿಳಿಸ್ಬೇಕು ಅಂತಿದೆ. ಕರ್ನಾಟಕಕ್ಕೆ 1962ರದ್ದು ಬೇರೆ ಕಾಯ್ದೆಯೇ ಇದೆ. ಆದ್ರೂ ಪಾಳುಬಿದ್ದ ಗುಡಿಗಳಲ್ಲಿ ನಿಧಿಗಳ್ಳರು ಗರ್ಭಗುಡಿ ಅಗೆದ ಸುದ್ದಿ ಪೇಪರಿನಲ್ಲಿ ಓದ್ತಾನೇ ಇರ್ತೀವಿ. ಹಾಗಾಗಿ ಊರಿಗೆ ಹೋಗುವಾಗ ‘ಒಂದು ಡಿಟೆಕ್ಟರ್ ತಗೊಂಡು ಬಾರೋ’ ಅಂತ ಯಾರಾದ್ರೂ ಹೇಳಿದ್ರೆ, ಯಾಕೆ ಅಂತ ಕೇಳದೇ ಒಯ್ಯಬೇಡಿ.

ಕೊನೆಯದಾಗಿ ಒಂದಿಷ್ಟು ಉಪಯೋಗಕ್ಕೆ ಬರೋ ಮಾತು. ಅಕ್ಟೋಬರ್ ಆದ ಮೇಲೆ ನಮ್ಮ ಕನ್ನಡದ ಮನೆಗಳಿಂದಲೇ ನನಗೆ ಮೂರು ನಾಲ್ಕು ಫೋನು ಬಂದಿವೆ, ಎಲ್ಲರಿಗೂ ಹೇಳಿದ್ದು ಇದನ್ನೇ. ಒಡವೆ ಹೊರಗೆ ಬಿದ್ದಿದೆ ಅಂತ ಗೊತ್ತಾದ್ರೆ ಮೊದಲು ಬಾಚೋದು, ಗುಡಿಸೋದು, ಹುಲ್ಲು ಕತ್ತರಿಸೋದು ನಿಲ್ಲಿಸಿ. ಕಸದ ಡಬ್ಬ ಹೊರಗಿಡಬೇಡಿ. ಎಲ್ಲೆಲ್ಲಿ ಓಡಾಡಿದ್ರಿ ಅಂತ ಮರೆಯೋ ಮುಂಚೆ ಬರೆದಿಡಿ. ಜೋಡಿಯ ಇನ್ನೊಂದು ಓಲೆಯೋ, ಅದೇ ಅಚ್ಚಿನ ಇನ್ನೊಂದು ಒಡವೆಯೋ ಇದ್ರೆ ಹುಡುಕೋಕೆ ಬಂದವರ ಕೈಗೆ ಮೊದಲು ಅದನ್ನ ಕೊಡಿ. ಬೇರೆ ಊರುಗಳಲ್ಲಿರೋರು ‘ರಿಂಗ್ ಫೈಂಡರ್ಸ್’ ಅನ್ನೋ ಪಟ್ಟಿ ನೋಡಿ, ಹೀಗೆ ಹುಡುಕಿಕೊಡೋರು ಊರೂರಲ್ಲಿ ಇದಾರೆ.

ರೆಡ್ಮಂಡ್ ಸುತ್ತಮುತ್ತ ಇರೋರಾದ್ರೆ ಈ ಕೆಳಗೆ ಒಂದು ಸಾಲು ಬರೆದು ಹಾಕಿ, ಶನಿವಾರ ಬೆಳಿಗ್ಗೆ ಬರ್ತೀನಿ. ಕಾಫಿ ಮಾತ್ರ ಫಿಲ್ಟರಿನದೇ ಆಗ್ಬೇಕು.